ಟ್ರಂಕಿನಲ್ಲಿ ಬಂದ ಕಾರ್ಡು

ನಿಲ್ಕುಂದ, ಸಿದ್ದಾಪುರ ತಾಲೂಕು
೨೨ ಜುಲೈ ೨೦೨೪

ವಿಶ್ವೇಶ್ವರ ಮಾಸ್ತರರಿಗೆ ಶೈಲಾಳ ನಮಸ್ಕಾರಗಳು.

ನೆನಪಿದೆಯೋ ಇಲ್ಲವೋ, ಶಿರಸಿಯ ತರಬೇತಿಯಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಆಕಳಿಸುತ್ತಿದ್ದವಳು ನಾನೇ. ಸಣ್ಣ ಮಕ್ಕಳಿಗೆ ಕಥೆಯೊಂದೇ ಸಾಲದು, ಎಲ್ಲ ಪ್ರಕಾರದ ಓದೂ ಸಿಗಬೇಕು ಎಂದು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೇಳಿದರು. ಆ ಎಲ್ಲ ಪ್ರಕಾರವನ್ನು ಎಲ್ಲಿಂದ ತರುವುದೆಂದು ಮಾತ್ರ ಹೇಳಲಿಲ್ಲ. ಚಹಾದ ಹೊತ್ತಿಗೆ ನೀವು, ‘ನಿಮ್ಮ ಶಾಲೇಲಿ ಇದ್ದದ್ದು ನಮಗೆ, ನಮ್ಮಲ್ಲಿ ಇದ್ದದ್ದು ನಿಮಗೆ, ಮುಗೀತಲ್ಲ’ ಅಂದಿರಿ. ನೀವು ಸುಮ್ಮನೆ ಅಂದಿರಬಹುದು. ನಾನು ಟ್ರಂಕು ಕಳಿಸುತ್ತಿದ್ದೇನೆ.

ಒಳಗೆ ಕಥೆಗಳಿವೆ, ಒಗಟಿನ ಪುಸ್ತಕವಿದೆ, ಒಂದು ನಾಟಕ, ಒಬ್ಬ ವಿಜ್ಞಾನಿಯ ಜೀವನ ಚರಿತ್ರೆ, ಹವಾಮಾನದ ವರದಿ ಇರುವ ಪತ್ರಿಕೆಯ ಹಾಳೆಗಳು, ಮಕ್ಕಳೇ ನಕಲು ಮಾಡಿದ ಬಸ್ಸಿನ ವೇಳಾಪಟ್ಟಿ. ಬಿಸಿಯೂಟದ ಸಾವಿತ್ರವ್ವ ಹೇಳಿ ಬರೆಸಿದ ಕಷಾಯ ಪುಡಿಯ ವಿಧಾನವೂ ಇದೆ. ನಿಯಮ ಇಷ್ಟೇ: ನಿಮ್ಮ ಪ್ರತಿ ಮಗುವೂ ಮನೆಯಿಂದ ತಾನು ಓದಬಲ್ಲ ಒಂದು ಅಚ್ಚಾದ ಕಾಗದ ತಂದು ಟ್ರಂಕಿಗೆ ಹಾಕಬೇಕು. ನಮ್ಮವರು ಓದಿ ಅದಕ್ಕೆ ಚೀಟಿ ಬರೆಯುತ್ತಾರೆ.

ಫೋನು ಮಾಡೋಣವೆಂದರೆ ನಿಮ್ಮ ಮಾಗೋಡಿನಲ್ಲಿ ಸಿಗ್ನಲ್ಲೇ ಇಲ್ಲವಂತೆ. ನಮ್ಮಲ್ಲಿ ಹಲಸಿನ ಮರದ ಬುಡಕ್ಕೆ ಹೋದರೆ ಸಿಗುತ್ತದೆ; ಅದು ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂದು ಆ್ಯಪಿಗೆ ತುಂಬುವುದರಲ್ಲೇ ಮುಗಿಯುತ್ತದೆ. ಆದ್ದರಿಂದ ಕಾಗದ. ಟ್ರಂಕನ್ನು ಶಿರಸಿಯಲ್ಲಿ ಯಲ್ಲಾಪುರದ ಬಸ್ಸಿಗೆ ದಾಟಿಸುವುದು ನಮ್ಮ ಕಂಡಕ್ಟರ್ ಕಲ್ಲಯ್ಯ. ‘ಏನ್ರೀ ಬಾಯಾರ, ಇದರಾಗ ಕಲ್ಲ ತುಂಬೀರೇನು?’ ಅಂದರು. ಓದುವ ಸಾಮಾನು ಎಂದೆ. ‘ಹಂಗಾದ್ರ ಕಲ್ಲಿಗಿಂತ ಭಾರ ಬಿಡ್ರಿ’ ಅಂದರು. ಬನವಾಸಿ ಕಡೆಯಿಂದ ಬಂದು ಇಲ್ಲಿ ಏಳು ವರ್ಷ ಕಳೆದ ನನಗೆ ನಮ್ಮೂರಿನ ಮಾತು ಕಿವಿಗೆ ಬೀಳುವುದು ಅವರ ಬಾಯಿಂದಲೂ ಸಾವಿತ್ರವ್ವನ ಬಾಯಿಂದಲೂ ಮಾತ್ರ.

ಇತಿ,
ಶೈಲಾ


ಮಾಗೋಡು, ಯಲ್ಲಾಪುರ ತಾಲೂಕು
೧೯ ಆಗಸ್ಟ್ ೨೦೨೪

ಶೈಲಾ ಅಕ್ಕೋರಿಗೆ ವಿಶ್ವೇಶ್ವರ ಮಾಡುವ ವಂದನೆಗಳು.

ಸುಮ್ಮನೆ ಅಂದದ್ದು ನಿಜ. ಬರುವ ಮೇ ತಿಂಗಳಿಗೆ ನಿವೃತ್ತಿ. ಇಷ್ಟು ವರ್ಷ ಹೇಳಿದ್ದನ್ನು ಯಾರೂ ಮಾಡಿರಲಿಲ್ಲ, ನೀವು ಮಾಡಿಬಿಟ್ಟಿರಿ. ಈಗ ಮೈ ಬಗ್ಗಿಸದೆ ಗತಿಯಿಲ್ಲ.

ಕಷಾಯ ಪುಡಿಯ ವಿಧಾನ ಓದಿದ ವೈಭವ, ನಾಲ್ಕನೇ ತರಗತಿಯವನು, ‘ಕೊತ್ತಂಬರಿ ಹೆಚ್ಚಾತು, ನಮ್ಮನೇಲಿ ಹಿಂಗಲ್ಲ’ ಎಂದು ತಗಾದೆ ತೆಗೆದ. ಪಠ್ಯಪುಸ್ತಕದ ಜೊತೆ ಈ ಮಕ್ಕಳು ಒಂದು ದಿನವೂ ಜಗಳ ಮಾಡಿದ್ದಿಲ್ಲ. ನಿಮ್ಮ ವಿಜ್ಞಾನಿ ಮಾತ್ರ ಯಾರಿಗೂ ಹಿಡಿಸಲಿಲ್ಲ. ‘ಇಂವ ಸಣ್ಣಕ್ಕಿದ್ದಾಗ ಒಂದ್ಸಲನೂ ಪೆಟ್ಟು ತಿಂದಿದ್ನಿಲ್ಯಾ ಮಾಸ್ತರೇ?’ ಎಂದು ಕೇಳಿದರು. ನನಗೂ ಅದೇ ಅನುಮಾನ ಬಂತು.

ಒಂದು ವಿಷಯ. ಮೂರನೇ ತರಗತಿಯಲ್ಲಿ ಅಭಿಜ್ಞಾ ಎಂಬ ಹುಡುಗಿ ಇದ್ದಾಳೆ. ಕಳೆದ ದೀಪಾವಳಿಯಿಂದ ಈಚೆಗೆ ತರಗತಿಯಲ್ಲಿ ಬಾಯಿ ತೆರೆದು ಒಂದು ಸಾಲು ಓದಿದವಳಲ್ಲ. ಕಾರಣ ಇದೆ, ಕಾಗದದಲ್ಲಿ ಬರೆಯಲು ಮನಸ್ಸಿಲ್ಲ. ಅವಳೂ ಈ ಸಲ ಟ್ರಂಕಿಗೆ ಏನೋ ಹಾಕಿದ್ದಾಳೆ. ನೋಡೋಣವೆಂದು ಕೈ ಚಾಚಿದರೆ ಮುಚ್ಚಳದ ಮೇಲೆ ಕೂತುಬಿಟ್ಟಳು. ನಾನು ಒತ್ತಾಯ ಮಾಡಲಿಲ್ಲ. ನಿಮ್ಮ ಮಕ್ಕಳಲ್ಲಿ ಯಾರಾದರೂ ಅವಳಿಗೆ ಎರಡು ಸಾಲಿನ ಚೀಟಿ ಬರೆಯಲಿ. ಉಳಿದವರಿಗೆ ಬರೆಯದಿದ್ದರೂ ನಡೆಯುತ್ತದೆ. ಆ ಮಗು ಓದಿಗೆ ತಿರುಗಿದ್ದನ್ನು ನೋಡಿ ನಿವೃತ್ತನಾದರೆ ನನಗೆ ಸಾಕು.

ಇಂತಿ,
ವಿಶ್ವೇಶ್ವರ


ನಿಲ್ಕುಂದ
೧೩ ಸೆಪ್ಟೆಂಬರ್ ೨೦೨೪

ಮಾಸ್ತರರೇ,

ಚೀಟಿಗಳನ್ನು ಟ್ರಂಕಿನ ಮೇಲ್ಗಡೆ ಕಟ್ಟು ಕಟ್ಟಿ ಇಟ್ಟಿದ್ದೇನೆ. ವೈಭವ ಕಳಿಸಿದ ಯಕ್ಷಗಾನದ ಹ್ಯಾಂಡ್‌ಬಿಲ್ಲನ್ನು ನಮ್ಮ ಮೇಧಾ ಜೀಪಿನ ಮೈಕಿನವರ ಹಾಗೆ ಕೂಗಿ ಓದಿದಳು. ಪಕ್ಕದ ಮನೆಯ ಚೌಡ ಇವತ್ತೇ ಆಟ ಇದೆ ಎಂದುಕೊಂಡು ಬಂದು ವಿಚಾರಿಸಿ ಹೋದ. ಗೊಬ್ಬರದ ಚೀಲದ ಮೇಲಿನ ಸೂಚನೆ, ಬೆಂಕಿಪೊಟ್ಟಣ, ಸಂಘದ ಸಭೆಯ ನೋಟೀಸು, ಎಲ್ಲ ಓದಿದರು. ಇನ್ನು ಇವರಿಗೆ ಪಾಠ ಓದಿಸುವುದೇ ಕಷ್ಟ.

ಒಂದು ತಕರಾರಿದೆ. ಅಡುಗೆ ಕೋಣೆಯ ಜಗಲಿಯ ಮೇಲೆ ಟ್ರಂಕು ತೆರೆದು ಕೊಡವಿದರೆ ಮೊದಲು ಉದುರಿದ್ದೇ ಸೂತಕದ ಕಾರ್ಡು. ಕಪ್ಪು ಅಂಚು, ಮೇಲೊಂದು ಫೋಟೋ. ನಿಮ್ಮ ಕಡೆ ಇಂಥದ್ದನ್ನು ಹರಿದು ಹಾಕುವ ಪದ್ಧತಿ ಇಲ್ಲವೇ? ನಮ್ಮಲ್ಲಿ ಆ ಕಾಗದ ಹೊಸ್ತಿಲು ದಾಟುವ ಹಾಗಿಲ್ಲ. ಅಂಗಳದಲ್ಲೇ ಓದಿ, ಹರಿದು, ಕೈ ತೊಳೆದು ಒಳಗೆ ಬರುತ್ತೇವೆ. ಸಾವಿತ್ರವ್ವ ‘ಅಯ್ಯ, ಮಕ್ಕಳು ಉಣ್ಣೋ ಜಾಗದಾಗ ಇದೇನ್ರೀ ಬಾಯಾರ’ ಎಂದು ಸೌಟು ಬಿಟ್ಟು ಹಿಂದೆ ಸರಿದರು. ನಾನು ಅಲ್ಲೇ ಹರಿದು ಒಲೆಗೆ ಹಾಕಿದೆ. ಯಾರ ಮನೆಯದೋ, ರದ್ದಿಯ ಜೊತೆ ಬಂದಿರಬೇಕು. ಎಲ್ಲ ಪ್ರಕಾರದ ಓದು ಎಂದರೆ ಇಷ್ಟೂ ಅಲ್ಲ ಮಾರಾಯರೇ, ಮುಂದಿನ ಸಲ ನೋಡಿ ಕಳಿಸಿ.

ಅಭಿಜ್ಞಾ ಹಾಕಿದ್ದು ಏನೆಂದು ತಿಳಿಯಲಿಲ್ಲ. ಅವಳ ಹೆಸರು ಬರೆದದ್ದು ಯಾವುದೂ ಇರಲಿಲ್ಲ. ಮನಸ್ಸು ಬದಲಿಸಿ ಹಿಂದಕ್ಕೆ ತೆಗೆದುಕೊಂಡಿರಬಹುದು, ಕೇಳಿ ನೋಡಿ.

ಶೈಲಾ


ಮಾಗೋಡು
೧೨ ನವೆಂಬರ್ ೨೦೨೪

ಶೈಲಾ ಅಕ್ಕೋರಿಗೆ,

ಉತ್ತರ ತಡವಾಯಿತು. ದಸರಾ ರಜೆ ಬಂತು, ಆಮೇಲೆ ಮನೆಯಲ್ಲಿ ಅದೂ ಇದೂ. ಟ್ರಂಕು ಕಳಿಸಿದ್ದೇನೆ. ಎಲ್ಲ ನೋಡಿಯೇ ತುಂಬಿದ್ದೇನೆ.

ಚೀಟಿಗಳನ್ನು ಹಂಚಿದೆ. ಅಭಿಜ್ಞಾಳ ಚಿಂತೆ ನಿಮಗೆ ಬೇಡ. ಅವಳಿಗೂ ಒಂದು ಚೀಟಿ ಸಿಕ್ಕಿತು. ಈಗ ಓದುತ್ತಿದ್ದಾಳೆ.

ವಿಶ್ವೇಶ್ವರ


ನಿಲ್ಕುಂದ
೨೫ ನವೆಂಬರ್ ೨೦೨೪

ಮಾಸ್ತರರೇ,

ಎರಡು ತಿಂಗಳು ಕಾದದ್ದಕ್ಕೆ ಒಂದು ಅಂಗೈಯಷ್ಟು ಕಾಗದ. ನನ್ನ ಮೇಲೆ ಏನಾದರೂ ಸಿಟ್ಟೇ? ಸೂತಕದ ಕಾರ್ಡಿನ ಬಗ್ಗೆ ಸ್ವಲ್ಪ ಬಿರುಸಾಗಿ ಬರೆದೆನೇನೋ. ಆ ದಿನ ಬೆಳಿಗ್ಗೆಯೇ ಮೇಲಿನವರಿಂದ ಬೈಸಿಕೊಂಡಿದ್ದೆ, ಅದು ನಿಮ್ಮ ಮೇಲೆ ಬಿತ್ತು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೆ ನನಗೊಂದು ಅರ್ಥವಾಗಲಿಲ್ಲ. ನಮ್ಮ ಮಕ್ಕಳು ಯಾರೂ ಅಭಿಜ್ಞಾಳಿಗೆ ಚೀಟಿ ಬರೆದಿರಲಿಲ್ಲ. ಅವಳಿಗೆ ಸಿಕ್ಕಿದ್ದು ಯಾರದು? ಈ ಸಲ ಟ್ರಂಕಿನ ತಳದಲ್ಲಿ, ಹಾಸಿದ ಪೇಪರಿನ ಕೆಳಗೆ ಒಂದು ಮಡಿಸಿದ ಕಾಗದ ಸಿಕ್ಕಿದೆ. ಅನ್ನದ ಅಗುಳು ಹಚ್ಚಿ ಅಂಟಿಸಿದ್ದಾರೆ. ಮೇಲೆ ‘ಪವನ್‌ಗೆ, ಬೇರೆ ಯಾರೂ ಓದಬಾರದು’ ಎಂದು ಪೆನ್ಸಿಲ್ಲಿನಲ್ಲಿದೆ. ನಮ್ಮ ಶಾಲೆಯಲ್ಲಿ ಪವನ್ ಎನ್ನುವ ಹುಡುಗನೇ ಇಲ್ಲ. ಬೇರೆ ಶಾಲೆಗೆ ಹೋಗಬೇಕಾದದ್ದು ತಪ್ಪಿ ಬಂತೇ? ನಾನು ಬಿಡಿಸಿಲ್ಲ.

ಶೈಲಾ


ಮಾಗೋಡು
೩ ಡಿಸೆಂಬರ್ ೨೦೨೪

ಅಕ್ಕೋರೆ,

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ. ಬರೆದುಬಿಡುತ್ತೇನೆ.

ನೀವು ಹರಿದ ಕಾರ್ಡು ರದ್ದಿಯಲ್ಲಿ ಬಂದದ್ದಲ್ಲ. ಅಭಿಜ್ಞಾ ಹಾಕಿದ್ದೇ ಅದು. ಅವಳ ತಾಯಿ ಸೀತಾ ಕಳೆದ ವರ್ಷ ದೀಪಾವಳಿಯಾದ ಮರುವಾರ ತೀರಿಕೊಂಡಳು. ಹದಿಮೂರನೇ ದಿನದ ಊಟಕ್ಕೆ ಕರೆದ ಕಾರ್ಡು ಅದು. ನಮ್ಮ ಮನೆಗೂ ಬಂದಿತ್ತು, ಓದಿ ಹರಿದಿದ್ದೆವು. ನಿಮ್ಮ ಕಾಗದ ಓದಿದ ಕೂಡಲೇ ಅವಳನ್ನು ಕರೆದೆ. ‘ತಂಗೀ, ನೀ ಹಾಕಿದ್ದು ಎಂತ?’ ಎಂದು ಕೇಳಿದೆ. ‘ಆಯಿ ಕಾರ್ಡು’ ಅಂದಳು. ‘ಅಲ್ಲಿಯವ್ವು ಎಂತ ಹೇಳಿದ್ದ?’ ಎಂದು ನನ್ನ ಮುಖವನ್ನೇ ನೋಡುತ್ತ ನಿಂತಳು.

ಎಲ್ಲರ ಕೈಯಲ್ಲೂ ಚೀಟಿ ಇತ್ತು, ಅವಳ ಕೈಯಲ್ಲಿ ಇರಲಿಲ್ಲ. ನಾನು ಎಡಗೈಯಲ್ಲಿ ಒಂದು ಬರೆದುಕೊಟ್ಟೆ. ‘ನಿನ್ನ ಕಾಗದ ಓದಿದೆ. ಅದರಲ್ಲಿ ನಿನ್ನ ಹೆಸರೂ ಇದೆ. ಇನ್ನೂ ಏನಾದರೂ ಓದಿ ನನಗೆ ಹೇಳು. ಪವನ್’ ಎಂದು. ಆ ಹೆಸರು ಬಾಯಿಗೆ ಬಂತು, ಅಷ್ಟೇ.

ಅಲ್ಲಿಂದ ಅವಳು ಓದುವುದನ್ನು ನಿಲ್ಲಿಸಿಲ್ಲ. ಪವನನಿಗೆ ಹೇಳಬೇಕೆಂದು ಒಗಟು ಓದುತ್ತಾಳೆ, ಹವಾಮಾನದ ಹಾಳೆ ಓದುತ್ತಾಳೆ, ಆ ಪೆಟ್ಟು ತಿನ್ನದ ವಿಜ್ಞಾನಿಯನ್ನೂ ಮುಗಿಸಿದಳು. ನಿನ್ನೆ ಒಂದನೇ ತರಗತಿಯವರನ್ನು ಕೂರಿಸಿಕೊಂಡು ನಾಟಕ ಓದಿದಳು, ರಾಕ್ಷಸನ ಮಾತಿಗೆ ದಪ್ಪ ದನಿ ಮಾಡಿ. ನಾನು ಹೊರಗೆ ನಿಂತು ಕೇಳಿದೆ.

ನಿಮ್ಮ ಮೇಲೆ ಸಿಟ್ಟಿಲ್ಲ. ನನ್ನ ಕೈಗೆ ಸಿಕ್ಕಿದ್ದರೂ ಹರಿಯುತ್ತಿದ್ದೆ. ಕಾರಣವನ್ನು ನಾನು ಮೊದಲೇ ಬರೆದಿದ್ದರೆ ಇದು ಆಗುತ್ತಿರಲಿಲ್ಲ ಎಂಬ ಬೇಸರ ನನ್ನ ಮೇಲೇ. ಆ ಕಾಗದ ಬಿಡಿಸಿ ಓದಿ, ಪವನನಾಗಿ ನಾಲ್ಕು ಸಾಲು ಬರೆಯಿರಿ. ನನ್ನ ಕೈಯಿಂದ ಇನ್ನೊಮ್ಮೆ ಆಗುವುದಿಲ್ಲ, ಅವಳು ಅಕ್ಷರ ಗುರುತು ಹಿಡಿಯುವಷ್ಟು ಓದುತ್ತಿದ್ದಾಳೆ.

ವಿಶ್ವೇಶ್ವರ


ನಿಲ್ಕುಂದ
೧೨ ಡಿಸೆಂಬರ್ ೨೦೨೪

ಮಾಸ್ತರರೇ,

ಬಿಡಿಸಿದೆ. ಅವಳು ಬರೆದದ್ದನ್ನು ಹಾಗೇ ಇಳಿಸುತ್ತಿದ್ದೇನೆ.

‘ಪವನ್, ನಿನ್ನ ಚೀಟಿ ಸಿಕ್ಕಿದ್ದು. ಕಾರ್ಡು ಜೋಪಾನ ಮಾಡು. ನಿನ್ನ ಅಜ್ಜಿಗೆ ತೋರ್ಸಡ. ನಮ್ಮನೇಲಿ ಎಲ್ಲಾ ಕಾರ್ಡೂ ಹರಿದ. ಮಾವನ ಮನೇಲೂ ಹರಿದ. ಇಟ್ಕಂಬಲಾಗ ಹೇಳಿ ಅಜ್ಜಿ ಹೇಳ್ತು. ಆನು ಒಂದನ್ನ ಗಣಿತ ಪುಸ್ತಕದ ಬೈಂಡಿನ ಒಳಗೆ ಅಡಗ್ಸಿಟ್ಟಿದ್ದಿ. ಈಗ ಬೈಂಡು ಹರಿದು ಹೋತು. ಯನ್ನ ಆಯಿ ನಿಂಗಕ್ಕೆ ಯಾರೂ ಅಲ್ಲ. ಅದಕ್ಕೆ ನಿಮ್ಮನೇಲಿ ಹರಿತ್ವಿಲ್ಲೆ. ಅದಕ್ಕೇ ಟ್ರಂಕಿಗೆ ಹಾಕಿದ್ದು. ಆಯಿ ಹೆಸ್ರೂ ಯನ್ನ ಹೆಸ್ರೂ ಒಟ್ಟಿಗೆ ಅಚ್ಚಾಗಿದ್ದು ಅದೊಂದರಲ್ಲೇ. ದೊಡ್ಡಾದ ಮೇಲೆ ಬಂದು ತಗಳ್ತೆ. ಅಭಿಜ್ಞಾ.’

ಹರಿಯಬಾರದೆಂದು ನನ್ನ ಹತ್ತಿರ ಕಳಿಸಿದ್ದಳು ಮಾಸ್ತರರೇ. ಎಷ್ಟು ಅತ್ತೆ ಎಂದು ಬರೆಯುವುದಿಲ್ಲ. ಮಕ್ಕಳು ‘ಅಕ್ಕೋರಿಗೆ ಎಂತಾತು’ ಎಂದು ಕೇಳಿದಾಗ ಒಲೆಯ ಹೊಗೆ ಎಂದೆ.

ಶನಿವಾರ ಶಿರಸಿಗೆ ಹೋಗಿ ಕಾರ್ಡು ಅಚ್ಚು ಹಾಕುವ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬರು, ‘ಮದುವೆದಾದ್ರೆ ಒಂದೊಂದು ಮಾದರಿಗೆ ಇಟ್ಕತ್ಯ. ಇಂಥದ್ದನ್ನ ಯಾರು ಇಟ್ಕತ್ರು ಹೇಳಿ’ ಎಂದರು. ಕಂಪ್ಯೂಟರಿನಲ್ಲೂ ಅಳಿಸಿದ್ದಾರೆ. ಮನೆಯವರು ಹೇಳಿದರೆ ಹೊಸತು ಮಾಡಿಕೊಡುತ್ತಾರಂತೆ. ಹೋದವಳಿಗೆ ಎರಡನೇ ಸಲ ಕಾರ್ಡು ಮಾಡಿಸಿ ಎಂದು ಯಾವ ಮುಖ ಇಟ್ಟುಕೊಂಡು ಅವಳ ಅಪ್ಪನನ್ನು ಕೇಳಲಿ?

ಪವನನಾಗಿ ನಾನು ಬರೆಯಲಾರೆ. ಜೋಪಾನವಾಗಿದೆ ಎಂದು ಬರೆಯುವ ಕೈ ನನಗಿಲ್ಲ. ಅವಳಿಗೆ ನಿಜ ಹೇಳಬೇಕು.

ಶೈಲಾ


ಮಾಗೋಡು
೨೦ ಡಿಸೆಂಬರ್ ೨೦೨೪

ಅಕ್ಕೋರೆ,

ಹೇಳಬೇಡಿ. ನಿಜ ಹೇಳಿದರೆ ನಿಮಗೆ ಹಗುರಾಗುತ್ತದೆ. ಅವಳಿಗೆ ಏನಾಗುತ್ತದೆ? ಒಂದು ವರ್ಷ ಮೂಕಿಯ ಹಾಗೆ ಕೂತಿದ್ದ ಮಗು. ಆ ಹುಡುಗ ಇಲ್ಲ, ಕಾರ್ಡೂ ಇಲ್ಲ, ಮಾಸ್ತರೂ ಸುಳ್ಳ ಎಂದು ಒಂದೇ ದಿನ ಗೊತ್ತಾದರೆ ಅವಳು ಇನ್ನು ಯಾವ ಕಾಗದವನ್ನು ನಂಬಿ ಓದಬೇಕು?

ಮೇ ತಿಂಗಳವರೆಗೆ ಸುಮ್ಮನಿರಿ. ಆಮೇಲೆ ಮರೆಯುತ್ತಾಳೆ. ಮಕ್ಕಳು ಮರೆಯುತ್ತಾರೆ. ನನಗೆ ದಣಿವಾಗಿದೆ, ಇನ್ನೊಂದು ಸಲ ಆ ಮಗುವನ್ನು ಮೊದಲಿನಿಂದ ಎಬ್ಬಿಸುವ ತ್ರಾಣ ಇಲ್ಲ. ನಿಮ್ಮಿಂದ ನಾನು ಕೇಳಿದ್ದು ಒಂದೇ ಒಂದು ಚೀಟಿ.

ವಿಶ್ವೇಶ್ವರ


ನಿಲ್ಕುಂದ
೬ ಜನವರಿ ೨೦೨೫

ಮಾಸ್ತರರೇ,

ದೊಡ್ಡಾದ ಮೇಲೆ ಬಂದು ತಗಳ್ತೆ ಎಂದಿದ್ದಾಳೆ. ಈ ಹುಡುಗಿ ಬಂದೇ ಬರುತ್ತಾಳೆ. ಆಗ ಶಾಲೆಯಲ್ಲಿ ನೀವೂ ಇರುವುದಿಲ್ಲ, ನಾನೂ ಎಲ್ಲಿರುತ್ತೇನೋ. ಟ್ರಂಕಿನ ಜೊತೆ ಕಳಿಸುತ್ತಿರುವ ಈ ಲಕೋಟೆಯೊಳಗೆ ಅವಳಿಗೆ ಬರೆದದ್ದಿದೆ, ಅಂಟಿಸಿಲ್ಲ. ಓದಿ. ಕೊಡುವುದು ಬಿಡುವುದು ನಿಮ್ಮ ಕೈಯಲ್ಲಿದೆ. ಅವಳನ್ನು ದಿನಾ ನೋಡುವವರು ನೀವು.

ಶೈಲಾ

ಅಭಿಜ್ಞಾ,

ನಾನು ನಿಲ್ಕುಂದದ ಶಾಲೆಯ ಶೈಲಾ ಅಕ್ಕೋರು. ನೀನು ಪವನನಿಗೆ ಬರೆದ ಕಾಗದ ನನಗೆ ಸಿಕ್ಕಿತು. ನಮ್ಮಲ್ಲಿ ಪವನ್ ಎಂಬ ಹುಡುಗ ಇಲ್ಲ. ನಿನಗೆ ಚೀಟಿ ಸಿಗಲಿಲ್ಲವೆಂದು ಬೇಸರವಾಗಬಾರದು ಎಂದು ನಿನ್ನ ಮಾಸ್ತರರು ಆ ಚೀಟಿ ಬರೆದರು. ಅವರ ಮೇಲೆ ಸಿಟ್ಟು ಮಾಡಬೇಡ.

ನಿನ್ನ ಕಾರ್ಡು ನನ್ನ ಹತ್ತಿರ ಇಲ್ಲ. ನಮ್ಮ ಮನೆಯಲ್ಲೂ ಅಂಥ ಕಾರ್ಡು ಹರಿಯುತ್ತಾರೆ. ನಾನೂ ಹರಿದೆ. ನಿನ್ನದೆಂದು ನನಗೆ ಗೊತ್ತಿರಲಿಲ್ಲ. ಎಲ್ಲ ಕಡೆ ಹುಡುಕಿದೆ, ಇನ್ನೊಂದು ಸಿಗಲಿಲ್ಲ. ನನಗೆ ತುಂಬ ದುಃಖವಾಗಿದೆ. ನಿನಗೆ ಸಿಟ್ಟು ಬಂದರೆ ನನಗೆ ಬರೆ.

ಶೈಲಾ ಅಕ್ಕೋರು


ಮಾಗೋಡು
೨೩ ಜನವರಿ ೨೦೨೫

ಶೈಲಾ ಅಕ್ಕೋರಿಗೆ,

ನಿಮ್ಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಒಂದು ದಿನ ಅವಳೇ, ‘ಪವನ್ ಎಂತಕ್ಕೆ ಬರೀತ್ನಿಲ್ಲೆ ಮಾಸ್ತರೇ, ಅವಂಗೆ ಹುಷಾರಿಲ್ಯಾ?’ ಎಂದು ಕೇಳಿದಳು. ಆ ಮುಖ ನೋಡಿ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಕೊಟ್ಟುಬಿಟ್ಟೆ.

ಕಿಟಕಿಯ ಹತ್ತಿರ ನಿಂತು ಬೆರಳಿಟ್ಟು ಓದಿದಳು. ಮಡಿಸಿ ನನ್ನ ಮೇಜಿನ ಮೇಲೆ ಇಟ್ಟು, ತಟ್ಟೆ ತೆಗೆದುಕೊಂಡು ಊಟದ ಸಾಲಿಗೆ ಹೋದಳು. ಅಳಲಿಲ್ಲ. ಆ ದಿನದಿಂದ ಮತ್ತೆ ಬಾಯಿ ಮುಚ್ಚಿದ್ದಾಳೆ. ಟ್ರಂಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಒಂದನೇ ತರಗತಿಯವರು ನಾಟಕ ಓದು ಎಂದು ಲಂಗ ಹಿಡಿದು ಎಳೆದರೂ ಕೂತಲ್ಲಿಂದ ಏಳಲಿಲ್ಲ. ನಾನು ಮೊದಲೇ ಹೇಳಿದ್ದೆನಲ್ಲ ಎಂದು ಬರೆಯಲು ಕೂತಿದ್ದೆ. ಕೊಟ್ಟವನೂ ನಾನೇ ಆದ್ದರಿಂದ ಬಿಡುತ್ತೇನೆ.

ಇವತ್ತು ಮನೆಗೆ ಹೋಗುವ ಗಂಟೆ ಹೊಡೆದ ಮೇಲೆ ಬಂದು ಇದನ್ನು ಕೊಟ್ಟಳು. ‘ಅಕ್ಕೋರಿಗೆ’ ಅಂದಳು. ನಾನು ಓದಿಲ್ಲ.

ವಿಶ್ವೇಶ್ವರ

ಅಕ್ಕೋರೆ,

ನಿಂಗಳ ಕಾಗದ ಓದಿದ್ದಿ. ಪವನ್ ಇಲ್ದಿದ್ರೆ ಅಡ್ಡಿಲ್ಲೆ. ಮಾಸ್ತರ ಮೇಲೆ ಸಿಟ್ಟಿಲ್ಲೆ.

ಒಂದು ಕೇಳದು ಇದ್ದು. ಅಜ್ಜಿ ಕಾರ್ಡು ಹರಿಯಕಾದ್ರೆ ಪೂರ್ತಿ ಓದಿ ಹರೀತು. ಅದಕ್ಕೆ ಕಣ್ಣು ಕಾಣ್ತಿಲ್ಲೆ, ಆದ್ರೂ ಯನ್ನ ಹತ್ರ ಓದ್ಸಿ ಹರೀತು. ಓದದೇ ಹರಿಯಲಾಗ ಹೇಳ್ತು.

ನಿಂಗ ಓದಿ ಹರಿದ್ರಾ, ಓದದೇ ಹರಿದ್ರಾ?

ಅಭಿಜ್ಞಾ


ನಿಲ್ಕುಂದ
೩೦ ಜನವರಿ ೨೦೨೫

ಅಭಿಜ್ಞಾ,

ಓದದೇ ಹರಿದೆ. ಕಪ್ಪು ಅಂಚು ನೋಡಿದೆ, ಫೋಟೋ ನೋಡಿದೆ, ಹರಿದೆ. ನಿನ್ನ ಹೆಸರನ್ನು ಮಾಸ್ತರರು ನನಗೆ ಮೊದಲೇ ಬರೆದಿದ್ದರು. ಕಾರ್ಡನ್ನು ಕೊನೆಯವರೆಗೆ ಓದಿದ್ದರೆ ಅಲ್ಲಿ ನಿನ್ನ ಹೆಸರು ಸಿಗುತ್ತಿತ್ತು, ನನ್ನ ಕೈ ನಿಲ್ಲುತ್ತಿತ್ತು. ಎಲ್ಲವನ್ನೂ ಓದಿ ಎಂದು ಮಕ್ಕಳಿಗೆ ಹೇಳುವವಳು ನಾನು.

ಈ ಶನಿವಾರವಲ್ಲ, ಮುಂದಿನ ಶನಿವಾರ ನಿಮ್ಮ ಶಾಲೆಗೆ ಬರುತ್ತೇನೆ. ಕಾರ್ಡಿನಲ್ಲಿ ಏನಿತ್ತೆಂದು ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಮೊದಲನೇ ಸಾಲಿನಿಂದ ಹೇಳು. ನಾನು ಬರೆದುಕೊಳ್ಳುತ್ತೇನೆ.

ಶೈಲಾ ಅಕ್ಕೋರು